ಸೆಲ್ಫ್ ಡ್ರೈವ್ ಕಾರು ತಗೊಳ್ತಿದ್ದೀರಾ? ಕೀ ಇಸ್ಕೊಳ್ಳೋ ಮುಂಚೆ ಲೈಸೆನ್ಸ್ ಕಾರ್ಡ್ ಒಮ್ಮೆ ಪೂರ್ತಿ ಓದಿ

ಹಾಸನ: ಮದುವೆ ಸೀಸನ್ ಬಂತು ಅಂದ್ರೆ, ಹಾಸನಾಂಬ ದರ್ಶನ ಶುರುವಾಯ್ತು ಅಂದ್ರೆ, ಮಕ್ಕಳಿಗೆ ರಜೆ ಸಿಕ್ತು ಅಂದ್ರೆ ಜಿಲ್ಲೆಯಲ್ಲಿ ಬಾಡಿಗೆ ಕಾರಿಗೆ ಓಡಾಟ ಜಾಸ್ತಿ. ಡ್ರೈವರ್ ಸಮೇತ ಟ್ಯಾಕ್ಸಿ ಮಾಡಿದ್ರೆ ಬಾಟಾ, ಹಾಲ್ಟಿಂಗ್ ಎಲ್ಲ ಸೇರಿ ದುಬಾರಿ ಆಗುತ್ತೆ ಅಂತ ಈಗ ಬಹಳ ಜನ ಸೆಲ್ಫ್ ಡ್ರೈವ್ ಕಾರು ಹುಡುಕ್ತಾರೆ. ಆ್ಯಪ್‌ನಲ್ಲಿ ಬುಕ್ ಮಾಡೋರು ಕೆಲವರು, ಪರಿಚಯದವರ ಕಾರು ದಿನದ ಲೆಕ್ಕಕ್ಕೆ ತಗೊಳ್ಳೋರು ಇನ್ನು ಕೆಲವರು. ಎರಡರಲ್ಲೂ ಮೊದಲ ಪ್ರಶ್ನೆ ಒಂದೇ: "ಲೈಸೆನ್ಸ್ ಇದೆಯಾ?" ಉತ್ತರವೂ ಒಂದೇ: "ಇದೆ ಇದೆ." ಮಾತು ಅಲ್ಲಿಗೇ ಮುಗಿಯುತ್ತೆ. ತೊಂದರೆ ಶುರುವಾಗೋದೂ ಅಲ್ಲಿಂದಲೇ.

ಒಂದು ಉದಾಹರಣೆ ತಗೊಳ್ಳೋಣ. ಚನ್ನರಾಯಪಟ್ಟಣದ ನಾಲ್ಕು ಜನ ಗೆಳೆಯರು ಧರ್ಮಸ್ಥಳಕ್ಕೆ ಹೊರಡ್ತಾರೆ. ಒಬ್ಬನ ಹೆಸರಲ್ಲಿ ಕಾರು ಬಾಡಿಗೆಗೆ ಬಂದಿದೆ, ಅವನ ಲೈಸೆನ್ಸ್ ಸರಿಯಾಗೇ ಇದೆ. ಬೆಳಗಿನ ಜಾವ ಹೊರಟಿದ್ದಕ್ಕೆ ಸಕಲೇಶಪುರದ ಹೊತ್ತಿಗೆ ಅವನಿಗೆ ನಿದ್ದೆ ಎಳೆಯುತ್ತೆ. "ನೀನು ಸ್ವಲ್ಪ ಹೊಡಿ" ಅಂತ ಪಕ್ಕದವನಿಗೆ ಸ್ಟೇರಿಂಗ್ ಕೊಡ್ತಾನೆ. ಅವನಿಗೆ ಕಾರು ಓಡಿಸೋಕೆ ಚೆನ್ನಾಗೇ ಬರುತ್ತೆ, ಆದರೆ ಅವನ ಲೈಸೆನ್ಸ್ ಬೈಕಿನದ್ದು. ಶಿರಾಡಿ ಘಾಟಿಯ ತಿರುವಿನಲ್ಲಿ ಎದುರಿಗೆ ಬಂದ ಸ್ಕೂಟರ್‌ಗೆ ಕಾರು ತಾಗುತ್ತೆ. ಸ್ಕೂಟರ್ ಸವಾರನ ಕಾಲು ಮುರಿಯುತ್ತೆ.

ಈಗ ಆಸ್ಪತ್ರೆ ಖರ್ಚು, ಪರಿಹಾರ, ಕಾರಿನ ರಿಪೇರಿ, ಪೊಲೀಸ್ ಕೇಸ್ ಯಾರ ತಲೆ ಮೇಲೆ ಬರುತ್ತೆ? ಓಡಿಸಿದವನದ್ದೋ, ಬಾಡಿಗೆಗೆ ತಂದವನದ್ದೋ, ಕಾರಿನ ಮಾಲೀಕನದ್ದೋ? ಮೂವರ ಮೇಲೂ ಬರಬಹುದು. ಹೇಗೆ ಅಂತ ಒಂದೊಂದಾಗಿ ನೋಡೋಣ.

ಮೊದಲು ನೋಡಬೇಕಾದ್ದು: ಯಾವ ಗಾಡಿಗೆ ಲೈಸೆನ್ಸ್?

ಡಿಎಲ್ ಕಾರ್ಡ್‌ನಲ್ಲಿ ಫೋಟೋ, ಹೆಸರು ಬಿಟ್ಟು ಇನ್ನೊಂದು ಮುಖ್ಯ ವಿಷಯ ಇರುತ್ತೆ. ಯಾವ ವರ್ಗದ ವಾಹನ ಓಡಿಸೋಕೆ ಅನುಮತಿ ಇದೆ ಅನ್ನೋದು. 'ಎಂಸಿಡಬ್ಲ್ಯುಜಿ' ಅಂತ ಇದ್ದರೆ ಗೇರ್ ಇರೋ ಬೈಕ್. 'ಎಲ್‌ಎಂವಿ' ಅಂತ ಇದ್ದರೆ ಲಘು ಮೋಟಾರು ವಾಹನ, ಅಂದ್ರೆ ಕಾರು, ಜೀಪು. ಎಷ್ಟೋ ಹುಡುಗರು ಕಾಲೇಜು ದಿನಗಳಲ್ಲಿ ಬೈಕಿಗೆ ಅಂತ ಲೈಸೆನ್ಸ್ ಮಾಡಿಸಿರ್ತಾರೆ. ಆಮೇಲೆ ಕಾರು ಕಲಿತಿರ್ತಾರೆ, ಆದರೆ ಎಲ್‌ಎಂವಿ ಸೇರಿಸಿರಲ್ಲ. ಕೇಳಿದ್ರೆ "ಡಿಎಲ್ ಇದೆ" ಅಂತಾರೆ. ಸುಳ್ಳೇನಲ್ಲ. ಆದರೆ ಕಾನೂನಿನ ಲೆಕ್ಕದಲ್ಲಿ ಕಾರಿನ ಮಟ್ಟಿಗೆ ಅವರ ಹತ್ತಿರ ಲೈಸೆನ್ಸ್ ಇಲ್ಲ.

ಇನ್ನೊಂದು ಅನುಮಾನ ಬಹಳ ಜನರಿಗೆ ಇದೆ. ಬಾಡಿಗೆ ಕಾರು ಅಂದ್ರೆ ಟ್ಯಾಕ್ಸಿ ಲೆಕ್ಕ, ಅದಕ್ಕೆ ಬ್ಯಾಡ್ಜ್ ಅಥವಾ ಟ್ರಾನ್ಸ್‌ಪೋರ್ಟ್ ಲೈಸೆನ್ಸ್ ಬೇಕಲ್ವಾ? ಬೇಡ. ಎಲ್‌ಎಂವಿ ಲೈಸೆನ್ಸ್ ಇದ್ದವರು 7,500 ಕೆಜಿ ಒಳಗಿನ ಒಟ್ಟು ತೂಕದ ಟ್ರಾನ್ಸ್‌ಪೋರ್ಟ್ ವಾಹನವನ್ನೂ ಓಡಿಸಬಹುದು ಅಂತ ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿತ್ತು. ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ 2024ರ ನವೆಂಬರ್‌ನಲ್ಲಿ ಅದನ್ನೇ ಎತ್ತಿಹಿಡಿದಿದೆ. ಹಾಗಾಗಿ ಸೆಲ್ಫ್ ಡ್ರೈವ್ ಸ್ವಿಫ್ಟ್ ಇರಲಿ, ಏಳು ಸೀಟಿನ ಇನ್ನೋವಾ ಇರಲಿ, ಮಾಮೂಲಿ ಎಲ್‌ಎಂವಿ ಸಾಕು. ಗೇರ್ ಕಾರಿಗೊಂದು, ಆಟೋಮೆಟಿಕ್ ಕಾರಿಗೊಂದು ಅಂತ ಬೇರೆ ಲೈಸೆನ್ಸ್ ನಮ್ಮಲ್ಲಿ ಇಲ್ಲ.

ಎರಡನೇದು: ತಾರೀಕು

ಕಾರ್ಡ್‌ನಲ್ಲಿ ಎಲ್ಲಿವರೆಗೆ ಚಾಲ್ತಿ ಅನ್ನೋ ದಿನಾಂಕ ಇರುತ್ತೆ. 2019ರ ತಿದ್ದುಪಡಿ ಆದ ಮೇಲೆ ಈ ಅವಧಿ ನಿಮ್ಮ ವಯಸ್ಸಿನ ಮೇಲೆ ನಿಂತಿದೆ. 30 ತುಂಬುವ ಮೊದಲು ಮಾಡಿಸಿದ್ರೆ 40 ವಯಸ್ಸಿನವರೆಗೆ. 30ರಿಂದ 50ರ ಒಳಗೆ ಮಾಡಿಸಿದ್ರೆ ಅಥವಾ ರಿನ್ಯೂವಲ್ ಮಾಡಿಸಿದ್ರೆ 10 ವರ್ಷ. 50ರಿಂದ 55ರ ಒಳಗೆ ಆದ್ರೆ 60 ವಯಸ್ಸಿನವರೆಗೆ. 55 ದಾಟಿದ ಮೇಲೆ ಪ್ರತಿ ಸಲ 5 ವರ್ಷ. ಅದಕ್ಕಿಂತ ಹಳೆಯ ಲೈಸೆನ್ಸ್‌ಗಳಿಗೆ ಕಾರ್ಡ್ ಮೇಲಿನ ತಾರೀಕೇ ಲೆಕ್ಕ.

"ಮುಗಿದ್ರೂ ಒಂದು ತಿಂಗಳು ಓಡಿಸಬಹುದು" ಅನ್ನೋ ಮಾತು ಈಗಲೂ ಅಲ್ಲಲ್ಲಿ ಕೇಳುತ್ತೆ. ಹಿಂದೆ ಕಾನೂನಿನಲ್ಲಿ ಹಾಗೆ 30 ದಿನ ಇತ್ತು. 2019ರ ತಿದ್ದುಪಡಿಯಲ್ಲಿ ಅದನ್ನು ತೆಗೆದುಹಾಕಿದ್ದಾರೆ. ಅವಧಿ ಮುಗಿಯೋ ಒಂದು ವರ್ಷ ಮುಂಚೆಯಿಂದಲೇ ರಿನ್ಯೂವಲ್‌ಗೆ ಅರ್ಜಿ ಹಾಕಬಹುದು. ಮುಗಿದ ಮೇಲೆ ಒಂದು ವರ್ಷದೊಳಗೆ ಹಾಕಿದ್ರೂ ತಗೊಳ್ತಾರೆ, ಆದರೆ ನಡುವೆ ಗಾಡಿ ಓಡಿಸೋ ಹಾಗಿಲ್ಲ. ಒಂದು ವರ್ಷ ದಾಟಿದ್ರೆ ಮತ್ತೆ ಟೆಸ್ಟ್ ಕೊಡಬೇಕು. 40 ದಾಟಿದವರಿಗೆ ಡಾಕ್ಟರ್ ಸಹಿ ಮಾಡಿದ ನಮೂನೆ 1ಎ ಬೇಕು.

ಎಲ್ಎಲ್ ಇಟ್ಕೊಂಡು ಬಾಡಿಗೆ ಕಾರು? ಆಗಲ್ಲ

ಎಲ್ಎಲ್, ಅಂದ್ರೆ ಕಲಿಕಾ ಲೈಸೆನ್ಸ್, 6 ತಿಂಗಳು ಚಾಲ್ತಿಯಲ್ಲಿರುತ್ತೆ. ಅದನ್ನು ಕೊಟ್ಟಿರೋದು ಕಲಿಯೋಕೆ. ಗಾಡಿಗೆ ಮುಂದೆ ಹಿಂದೆ ಕೆಂಪು 'ಎಲ್' ಬೋರ್ಡ್ ಇರಬೇಕು. ಆ ವರ್ಗದ ಪಕ್ಕಾ ಲೈಸೆನ್ಸ್ ಇರೋ ಒಬ್ಬರು, ಬೇಕಾದ್ರೆ ತಕ್ಷಣ ಗಾಡಿ ನಿಲ್ಲಿಸೋಕೆ ಆಗೋ ಹಾಗೆ ಪಕ್ಕದಲ್ಲಿ ಕೂತಿರಬೇಕು. ಬಾಡಿಗೆ ಕಾರಿನವರು ಎಲ್ಎಲ್ ಒಪ್ಪಲ್ಲ. ಯಾರಾದ್ರೂ ಒಪ್ಪಿ ಕೀ ಕೊಟ್ರೆ, ಆ ಗಾಡಿಯ ಉಳಿದ ಕಾಗದಪತ್ರದ ಬಗ್ಗೆಯೂ ನೀವು ಅನುಮಾನ ಪಡಬೇಕು.

ವಯಸ್ಸಿನ ವಿಷಯ. ಕಾರಿನ ಲೈಸೆನ್ಸ್‌ಗೆ ಕಾನೂನು ಕೇಳೋದು 18 ತುಂಬಿರಬೇಕು ಅಂತ. ಆದರೆ ಬಾಡಿಗೆ ಕಂಪನಿಗಳು ತಮ್ಮದೇ ಷರತ್ತು ಹಾಕ್ತವೆ. 21 ತುಂಬಿರಬೇಕು, ಡಿಎಲ್ ಸಿಕ್ಕಿ ಒಂದು ವರ್ಷ ಆಗಿರಬೇಕು, ದೊಡ್ಡ ಗಾಡಿಗಾದ್ರೆ ಇನ್ನೂ ಜಾಸ್ತಿ ವಯಸ್ಸಾಗಿರಬೇಕು, ಹೀಗೆ. ಇದು ಕಂಪನಿಯಿಂದ ಕಂಪನಿಗೆ ಬದಲಾಗುತ್ತೆ. ಅಡ್ವಾನ್ಸ್ ಕಟ್ಟೋ ಮುಂಚೆ ಕೇಳಿಕೊಂಡ್ರೆ, ಹೊರಡೋ ದಿನ ಜಗಳ ಇರಲ್ಲ.

ಕಪ್ಪು ಬೋರ್ಡೋ, ಬಿಳಿ ಬೋರ್ಡೋ?

ನಂಬರ್ ಪ್ಲೇಟ್ ನೋಡಿದ್ರೆ ಅರ್ಧ ವಿಷಯ ಗೊತ್ತಾಗುತ್ತೆ. ಬಿಳಿ ಹಲಗೆ ಮೇಲೆ ಕಪ್ಪು ಅಕ್ಷರ ಇದ್ದರೆ ಸ್ವಂತ ಬಳಕೆಯ ಗಾಡಿ. ಹಳದಿ ಹಲಗೆ ಮೇಲೆ ಕಪ್ಪು ಅಕ್ಷರ ಇದ್ದರೆ ಟ್ಯಾಕ್ಸಿ. ಕಪ್ಪು ಹಲಗೆ ಮೇಲೆ ಹಳದಿ ಅಕ್ಷರ ಇದ್ದರೆ ಗಿರಾಕಿಯೇ ಓಡಿಸೋಕೆ ಬಾಡಿಗೆಗೆ ಕೊಡೋ ಗಾಡಿ, ಅಂದ್ರೆ ಸೆಲ್ಫ್ ಡ್ರೈವ್.

ಸೆಲ್ಫ್ ಡ್ರೈವ್ ವ್ಯವಹಾರಕ್ಕೆ ಕೇಂದ್ರ ಸರ್ಕಾರದ 1989ರ ರೆಂಟ್ ಎ ಕ್ಯಾಬ್ ಯೋಜನೆ ಇದೆ. ಅದರ ಪ್ರಕಾರ ಲೈಸೆನ್ಸ್ ತಗೊಳ್ಳೋಕೆ ಕನಿಷ್ಠ 50 ಕಾರು ಬೇಕು. ತಾಲೂಕು ಕೇಂದ್ರದಲ್ಲಿ ಎರಡು ಮೂರು ಕಾರು ಇಟ್ಕೊಂಡಿರೋರಿಗೆ ಇದು ಎಟುಕುವ ಮಾತಲ್ಲ. ಹಾಗಾಗಿ ನಮ್ಮ ಕಡೆ ನಡೆಯೋದು ಬಹುಪಾಲು ಬಿಳಿ ಬೋರ್ಡ್ ವ್ಯವಹಾರ. "ನಮ್ಮ ಹುಡುಗ್ರೇ ಅಲ್ವಾ, ದಿನಕ್ಕೆ ಇಷ್ಟು ಕೊಡಿ, ಡೀಸೆಲ್ ನಿಮ್ದು."

ಇದರಲ್ಲಿ ಎರಡು ಗುಂಡಿ ಇವೆ. ಮೊದಲನೇದು, ಸ್ವಂತ ಬಳಕೆಯ ಗಾಡಿಯನ್ನು ಪರ್ಮಿಟ್ ಇಲ್ಲದೆ ಬಾಡಿಗೆಗೆ ಬಿಟ್ಟರೆ ಮೋಟಾರು ವಾಹನ ಕಾಯ್ದೆಯ 192ಎ ಪ್ರಕಾರ ಮೊದಲ ಸಲಕ್ಕೇ 10,000 ರೂಪಾಯಿ ದಂಡ, 6 ತಿಂಗಳವರೆಗೆ ಜೈಲು ಶಿಕ್ಷೆಗೂ ಅವಕಾಶ ಇದೆ. ಎರಡನೇದು ಇನ್ನೂ ಆಳ. ಖಾಸಗಿ ಕಾರಿನ ಇನ್ಶೂರೆನ್ಸ್ ಪಾಲಿಸಿಯಲ್ಲಿ 'ಬಾಡಿಗೆಗೆ ಬಳಸುವಂತಿಲ್ಲ' ಅನ್ನೋ ಷರತ್ತು ಇರುತ್ತೆ. ದುಡ್ಡು ತಗೊಂಡು ಕೊಟ್ಟಿದ್ದು ಗೊತ್ತಾದ್ರೆ ಕ್ಲೇಮ್ ತಿರಸ್ಕರಿಸೋಕೆ ಕಂಪನಿಗೆ ಅದೊಂದೇ ಸಾಕು. ನಿಮ್ಮ ಲೈಸೆನ್ಸ್ ಎಷ್ಟೇ ಸರಿಯಾಗಿದ್ರೂ ಇಲ್ಲಿ ಉಪಯೋಗಕ್ಕೆ ಬರಲ್ಲ.

ದುಡ್ಡು ತಗೊಳ್ಳದೆ ಭಾವಮೈದುನನಿಗೋ ಪಕ್ಕದಂಗಡಿಯವರಿಗೋ ಕಾರು ಕೊಡೋದು ಬೇರೆ. ಅದರಲ್ಲಿ ತಪ್ಪಿಲ್ಲ. ಓಡಿಸೋರಿಗೆ ಚಾಲ್ತಿಯಲ್ಲಿರೋ ಎಲ್‌ಎಂವಿ ಲೈಸೆನ್ಸ್ ಇರಬೇಕು, ಅಷ್ಟೇ.

ಸ್ಟೇರಿಂಗ್ ಬೇರೆಯವರ ಕೈಗೆ ಕೊಟ್ರೆ?

ಶಿರಾಡಿ ಘಾಟಿ ಉದಾಹರಣೆಗೆ ಬರೋಣ. ಅಲ್ಲಿ ಓಡಿಸ್ತಿದ್ದವನಿಗೆ ಕಾರಿನ ಲೈಸೆನ್ಸ್ ಇಲ್ಲ. ಅವನ ಮೇಲೆ ಸೆಕ್ಷನ್ 181 ಬೀಳುತ್ತೆ: 5,000 ರೂಪಾಯಿ ದಂಡ, ಇಲ್ಲವೇ 3 ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಅಪಘಾತ ಮಾಡಿ ಗಾಯ ಮಾಡಿದ್ದಕ್ಕೆ ಬೇರೆ ಕೇಸ್.

ಕಾರು ತಂದವನು "ನಾನು ಓಡಿಸ್ತಿರಲಿಲ್ಲ" ಅಂತ ತಪ್ಪಿಸಿಕೊಳ್ಳೋ ಹಾಗಿಲ್ಲ. ಕಾಯ್ದೆಯ ಸೆಕ್ಷನ್ 5 ಹೇಳೋದು ಗಾಡಿಯ ಮಾಲೀಕನಿಗೆ ಮಾತ್ರ ಅಲ್ಲ, ಆ ಹೊತ್ತಿಗೆ ಗಾಡಿ ಯಾರ ವಶದಲ್ಲಿದೆಯೋ ಅವರಿಗೂ ಸೇರಿಸಿ. ಲೈಸೆನ್ಸ್ ಇಲ್ಲದವರಿಗೆ ಓಡಿಸೋಕೆ ಬಿಟ್ಟರೆ ಸೆಕ್ಷನ್ 180ರಲ್ಲಿ ಅವರಿಗೂ ಅಷ್ಟೇ ಶಿಕ್ಷೆ. ಕಾರು ಬಾಡಿಗೆಗೆ ಪಡೆದು ಕೀ ಇಸ್ಕೊಂಡ ಕ್ಷಣದಿಂದ ವಶ ನಿಮ್ಮದು. ಮೇಲೆ ಹೇಳಿದ್ದು ಕಾಯ್ದೆಯಲ್ಲಿರೋ ಶಿಕ್ಷೆ. ಸ್ಥಳದಲ್ಲೇ ಕಟ್ಟಿ ಮುಗಿಸೋ ದಂಡದ ಮೊತ್ತವನ್ನು ರಾಜ್ಯ ಸರ್ಕಾರ ಬೇರೆ ನಿಗದಿ ಮಾಡಿರುತ್ತೆ. ಅಪಘಾತ ಆಗಿ ಕೋರ್ಟಿಗೆ ಹೋದ ಕೇಸ್ ಹಾಗೆ ಸ್ಥಳದಲ್ಲಿ ಮುಗಿಯಲ್ಲ.

ಇನ್ನು ದುಡ್ಡಿನ ಲೆಕ್ಕ. ಕಾರಿನ ರಿಪೇರಿಗೆ ಇನ್ಶೂರೆನ್ಸ್ ಬರಲ್ಲ, ಯಾಕಂದ್ರೆ ಲೈಸೆನ್ಸ್ ಇರೋರು ಓಡಿಸಿದ್ರೆ ಮಾತ್ರ ಪಾಲಿಸಿ. ಬಾಡಿಗೆ ಕರಾರಿನ ಪ್ರಕಾರ ಪೂರ್ತಿ ಖರ್ಚು ಬಾಡಿಗೆಗೆ ತಂದವನದ್ದು. ಗಾಯಗೊಂಡ ಸ್ಕೂಟರ್ ಸವಾರ ಪರಿಹಾರಕ್ಕೆ ಮೋಟಾರು ಅಪಘಾತ ನ್ಯಾಯಮಂಡಳಿಗೆ ಹೋಗ್ತಾನೆ. ಇಂಥ ಬಹಳಷ್ಟು ಪ್ರಕರಣಗಳಲ್ಲಿ ಕೋರ್ಟುಗಳು ಇನ್ಶೂರೆನ್ಸ್ ಕಂಪನಿಗೆ 'ಮೊದಲು ಸಂತ್ರಸ್ತನಿಗೆ ಕೊಡು, ಆಮೇಲೆ ಮಾಲೀಕನಿಂದ ವಸೂಲಿ ಮಾಡಿಕೋ' ಅಂತ ಆದೇಶ ಮಾಡ್ತವೆ. ಗಾಯಾಳು ಅನಾಥ ಆಗಬಾರದು ಅನ್ನೋ ಉದ್ದೇಶ ಅದು. ಆದರೆ ವಸೂಲಿ ನೋಟಿಸ್ ಮಾಲೀಕನ ಮನೆಗೆ ಬರುತ್ತೆ. ಮಾಲೀಕ ಬಾಡಿಗೆಗೆ ತಂದವನನ್ನು ಹಿಡ್ಕೊಳ್ತಾನೆ. ನಾಲ್ಕು ಜನ ಹಂಚಿಕೊಂಡ ಬಾಡಿಗೆ ಕೆಲವು ಸಾವಿರ, ಒಬ್ಬನ ತಲೆ ಮೇಲೆ ಬರೋದು ಲಕ್ಷಗಳಲ್ಲಿ.

ಆದ್ದರಿಂದ ಇಬ್ಬರು ಓಡಿಸೋ ಯೋಚನೆ ಇದ್ದರೆ ಹೊರಡೋ ಮುಂಚೆಯೇ ಇಬ್ಬರ ಡಿಎಲ್ ಕೊಟ್ಟು, ಇಬ್ಬರ ಹೆಸರನ್ನೂ ಕರಾರಿನಲ್ಲಿ ಬರೆಸಿ. ಲೈಸೆನ್ಸ್ ಇದ್ರೂ ಕರಾರಿನಲ್ಲಿ ಹೆಸರಿಲ್ಲದವರು ಓಡಿಸಿದ್ರೆ ಷರತ್ತು ಮುರಿದ ಹಾಗೆ ಅಂತ ಹೆಚ್ಚಿನ ಕರಾರುಗಳಲ್ಲಿ ಬರೆದಿರುತ್ತೆ.

ಅಣ್ಣನ ಲೈಸೆನ್ಸ್ ತೋರಿಸಿ ತಮ್ಮ ಗಾಡಿ ತಗೊಂಡು ಹೋಗೋದೂ ಇದೆ. ತನ್ನ ಲೈಸೆನ್ಸನ್ನು ಬೇರೆಯವರು ಬಳಸೋಕೆ ಬಿಡಬಾರದು ಅಂತ ಸೆಕ್ಷನ್ 6ರಲ್ಲಿ ಸ್ಪಷ್ಟವಾಗಿದೆ. ಇಲ್ಲಿ ಇಬ್ಬರೂ ಸಿಕ್ಕಿಬೀಳ್ತಾರೆ.

18 ತುಂಬದ ಮಕ್ಕಳ ಕೈಗೆ ಸ್ಟೇರಿಂಗ್ ಕೊಟ್ರಂತೂ ಕಾನೂನು ಇನ್ನೂ ಕಠಿಣ. ಸೆಕ್ಷನ್ 199ಎ ಪ್ರಕಾರ ಪೋಷಕರು ಅಥವಾ ಗಾಡಿ ಮಾಲೀಕರಿಗೆ 3 ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ಗಾಡಿಯ ನೋಂದಣಿ 12 ತಿಂಗಳು ರದ್ದು. ಆ ಹುಡುಗನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಸಿಗಲ್ಲ. ಊರ ಹೊರಗಿನ ಖಾಲಿ ರಸ್ತೆ ಅಂತ ಮಗನಿಗೆ ಬಾಡಿಗೆ ಕಾರಿನಲ್ಲಿ ಕಲಿಸೋಕೆ ಹೋಗಬೇಡಿ.

ಕಾರು ಕೊಡೋ ಅಂಗಡಿಯವರು, ಮಾಲೀಕರು ಗಮನಿಸಿ

ಟ್ರಾವೆಲ್ಸ್ ಆಫೀಸ್ ಇರಲಿ, ಅಂಗಡಿಯ ಕಾರನ್ನು ನೌಕರನಿಗೋ ನೆಂಟರಿಗೋ ಕೊಡೋದಿರಲಿ, ಕೀ ಕೊಡೋ ಮುಂಚೆ ಐದು ನಿಮಿಷದ ಕೆಲಸ ಮಾಡಿ.

ಒಂದು, ಡಿಎಲ್ ಕಣ್ಣಾರೆ ನೋಡಿ. ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ ಫೋಟೋ ನೋಡಿದ್ರೆ ಸಾಲದು. ಫೋಟೋದಲ್ಲಿರೋ ಮುಖವೇ ಎದುರಿಗಿದೆಯಾ, ಎಲ್‌ಎಂವಿ ಇದೆಯಾ, ತಾರೀಕು ಮುಗಿದಿಲ್ವಾ ನೋಡಿ.

ಎರಡು, ಪರಿವಾಹನ್ ವೆಬ್‌ಸೈಟ್‌ನಲ್ಲಿ ಡಿಎಲ್ ನಂಬರ್ ಮತ್ತು ಹುಟ್ಟಿದ ದಿನಾಂಕ ಹಾಕಿದ್ರೆ ಲೈಸೆನ್ಸ್ ಚಾಲ್ತಿಯಲ್ಲಿದೆಯಾ ಅಂತ ತೋರಿಸುತ್ತೆ. ದುಡ್ಡು ಕಟ್ಟೋದಿಲ್ಲ. ಅಮಾನತು ಆದ ಲೈಸೆನ್ಸ್ ಕಾರ್ಡ್ ಜೇಬಿನಲ್ಲಿ ಹೊಸದರ ಹಾಗೇ ಇರುತ್ತೆ. ಅದು ಗೊತ್ತಾಗೋದು ಇಲ್ಲೇ.

ಮೂರು, ಒಂದು ಪುಸ್ತಕ ಇಡಿ. ಹೆಸರು, ಡಿಎಲ್ ನಂಬರ್, ಫೋನ್, ಗಾಡಿ ಹೊರಟ ದಿನ, ಸಮಯ, ವಾಪಸ್ ಬಂದ ಸಮಯ, ಸಹಿ. ಕ್ಯಾಮೆರಾ ದಂಡದ ನೋಟಿಸ್ ಬರೋದು ಮಾಲೀಕರ ಹೆಸರಿಗೆ. ಆ ಹೊತ್ತಿಗೆ ಯಾರು ಓಡಿಸ್ತಿದ್ರು ಅಂತ ಪೊಲೀಸರು ಕೇಳಿದ್ರೆ ಹೇಳಲೇಬೇಕು ಅಂತ ಸೆಕ್ಷನ್ 133 ಹೇಳುತ್ತೆ. ಪುಸ್ತಕ ಇದ್ದರೆ ಉತ್ತರ ಇರುತ್ತೆ.

ಇನ್ನೊಂದು ಸಮಾಧಾನದ ವಿಷಯ. ಡ್ರೈವರ್‌ನನ್ನು ಕೆಲಸಕ್ಕೆ ಇಟ್ಟುಕೊಂಡ ಮಾಲೀಕರ ಪ್ರಕರಣಗಳಲ್ಲಿ ಸುಪ್ರೀಂ ಕೋರ್ಟ್ ಒಂದಕ್ಕಿಂತ ಹೆಚ್ಚು ಸಲ ಹೇಳಿದೆ: ಮೇಲ್ನೋಟಕ್ಕೆ ಸರಿಯಾದ ಲೈಸೆನ್ಸ್ ನೋಡಿ, ಓಡಿಸೋಕೆ ಬರುತ್ತಾ ಅಂತ ಪರೀಕ್ಷಿಸಿದ್ದರೆ, ಅದು ಅಸಲಿಯೋ ನಕಲಿಯೋ ಅಂತ ಮಾಲೀಕ ಆರ್‌ಟಿಒ ಕಚೇರಿಗೆ ಹೋಗಿ ವಿಚಾರಿಸಬೇಕಾಗಿಲ್ಲ. ಅಂದ್ರೆ ನೀವು ನೋಡಿದ್ದಕ್ಕೆ, ಪ್ರತಿ ಇಟ್ಟುಕೊಂಡಿದ್ದಕ್ಕೆ ಕೋರ್ಟಿನಲ್ಲಿ ಬೆಲೆ ಇದೆ. ನೋಡದೇ ಕೊಟ್ಟವರಿಗೆ ಆ ಆಸರೆ ಇಲ್ಲ.

ಮೊಬೈಲ್‌ನಲ್ಲಿರೋ ಡಿಎಲ್ ನಡೆಯುತ್ತಾ?

ನಡೆಯುತ್ತೆ. ಡಿಜಿಲಾಕರ್ ಅಥವಾ ಎಂಪರಿವಾಹನ್ ಆ್ಯಪ್‌ನಲ್ಲಿ ತೆರೆದು ತೋರಿಸಿದ ಡಿಎಲ್‌ಗೆ ಅಸಲಿ ಕಾರ್ಡಿನಷ್ಟೇ ಮಾನ್ಯತೆ ಅಂತ ಕೇಂದ್ರ ಸಾರಿಗೆ ಸಚಿವಾಲಯ 2018ರಲ್ಲೇ ಹೇಳಿದೆ. ಗ್ಯಾಲರಿಯಲ್ಲಿರೋ ಫೋಟೋ, ಜೆರಾಕ್ಸ್ ಪ್ರತಿಗೆ ಈ ಮಾನ್ಯತೆ ಇಲ್ಲ. ಘಾಟಿಯಲ್ಲಿ ನೆಟ್‌ವರ್ಕ್ ಸಿಗದೇ ಇರಬಹುದು, ಅದಕ್ಕೆ ಕಾರ್ಡನ್ನೂ ಜೊತೆಗಿಟ್ಕೊಳ್ಳಿ.

"ಅಸಲಿ ಡಿಎಲ್ ನಮ್ಮ ಹತ್ತಿರ ಇಟ್ಟು ಹೋಗಿ, ವಾಪಸ್ ಬಂದಾಗ ಕೊಡ್ತೀವಿ" ಅಂತ ಕೆಲವರು ಕೇಳ್ತಾರೆ. ಪೊಲೀಸರು ಕೇಳಿದಾಗ ಲೈಸೆನ್ಸ್ ತೋರಿಸಬೇಕಾದವರು ನೀವು. ಜೆರಾಕ್ಸ್ ಕೊಡಿ, ಡೆಪಾಸಿಟ್ ಕೊಡಿ, ರಸೀದಿ ಪಡೀರಿ. ಕಾರ್ಡ್ ನಿಮ್ಮ ಜೇಬಲ್ಲೇ ಇರಲಿ.

ಹಳೆಯ ಪುಸ್ತಕದ ರೂಪದ ಲೈಸೆನ್ಸ್ ಇದ್ದವರಿಗೆ ಒಂದು ಮಾತು. ಕೆಲವು ಹಳೆಯ ಲೈಸೆನ್ಸ್‌ಗಳ ವಿವರ ಆನ್‌ಲೈನ್‌ಗೆ ಏರಿಲ್ಲ. ಅಂಥದ್ದು ಆ್ಯಪ್‌ನಲ್ಲಿ ಸಿಗಲ್ಲ, ಬಾಡಿಗೆ ಕಂಪನಿಯ ಪರಿಶೀಲನೆಯಲ್ಲೂ ಪಾಸಾಗಲ್ಲ. ಲೈಸೆನ್ಸ್ ಕೊಟ್ಟ ಆರ್‌ಟಿಒ ಕಚೇರಿಗೆ ಹೋಗಿ ಬ್ಯಾಕ್‌ಲಾಗ್ ಎಂಟ್ರಿ ಮಾಡಿಸಿ. ಪ್ರವಾಸದ ಹಿಂದಿನ ದಿನ ಆಗೋ ಕೆಲಸ ಅಲ್ಲ, ಮೊದಲೇ ಮಾಡಿಸಿಟ್ಕೊಳ್ಳಿ.

ವಿದೇಶದಿಂದ ಬಂದ ಮಕ್ಕಳು

ಅಮೆರಿಕದಲ್ಲಿರೋ ಮಗ ಮೂರು ವಾರಕ್ಕೆ ಊರಿಗೆ ಬಂದಿದ್ದಾನೆ, ಕಾರು ಬಾಡಿಗೆಗೆ ತಗೊಂಡು ಅಪ್ಪ ಅಮ್ಮನ್ನ ಬೇಲೂರು, ಹಳೇಬೀಡು ತೋರಿಸಬೇಕು ಅಂತಾನೆ. ಅವನ ಭಾರತದ ಡಿಎಲ್ ಇನ್ನೂ ಚಾಲ್ತಿಯಲ್ಲಿದ್ದರೆ ಸಮಸ್ಯೆ ಇಲ್ಲ. ಮುಗಿದಿದ್ದರೆ, ಅಲ್ಲಿನ ಲೈಸೆನ್ಸ್ ಜೊತೆ ಅಲ್ಲೇ ಮಾಡಿಸಿದ ಅಂತರರಾಷ್ಟ್ರೀಯ ಚಾಲನಾ ಪರವಾನಗಿ, ಅಂದ್ರೆ ಐಡಿಪಿ, ಇರಬೇಕು. ಊರಿಗೆ ಬಂದ ಮೇಲೆ ಅಮೆರಿಕದ ಲೈಸೆನ್ಸ್ ತೋರಿಸಿ ಹಾಸನದ ಆರ್‌ಟಿಒದಲ್ಲಿ ಅದನ್ನು ಮಾಡಿಸೋಕೆ ಆಗಲ್ಲ. ಲೈಸೆನ್ಸ್ ಕೊಟ್ಟ ದೇಶವೇ ಐಡಿಪಿ ಕೊಡಬೇಕು. ವಿಮಾನ ಹತ್ತೋ ಮುಂಚೆ ಫೋನಿನಲ್ಲಿ ನೆನಪಿಸಿ.

ನೀವೇ ಹೊರದೇಶಕ್ಕೆ ಹೋಗಿ ಕಾರು ಬಾಡಿಗೆಗೆ ತಗೊಳ್ಳೋದಾದ್ರೆ ನಮ್ಮ ಆರ್‌ಟಿಒ ಐಡಿಪಿ ಕೊಡುತ್ತೆ. ಸಾರಥಿ ಪೋರ್ಟಲ್‌ನಲ್ಲಿ ಅರ್ಜಿ, ಶುಲ್ಕ 1,000 ರೂಪಾಯಿ, ಅವಧಿ ಒಂದು ವರ್ಷ. ಜೊತೆಗೆ ಇಲ್ಲಿನ ಡಿಎಲ್ ಕಾರ್ಡೂ ಒಯ್ಯಬೇಕು.

ಓದುಗರು ಕೇಳೋ ಪ್ರಶ್ನೆಗಳು

*ನನ್ನ ಡಿಎಲ್ ಬೇರೆ ರಾಜ್ಯದ್ದು, ಇಲ್ಲಿ ಕಾರು ಬಾಡಿಗೆಗೆ ಸಿಗುತ್ತಾ?*
ಭಾರತದ ಯಾವ ಆರ್‌ಟಿಒ ಕೊಟ್ಟ ಲೈಸೆನ್ಸ್ ಆದ್ರೂ ದೇಶವೆಲ್ಲ ನಡೆಯುತ್ತೆ. ಕೆಎ 13 ಇರಲಿ, ಕೆಎ 46 ಇರಲಿ, ಕೇರಳದ್ದೇ ಇರಲಿ.

*ಡಿಎಲ್‌ನಲ್ಲಿ ಹಳೇ ವಿಳಾಸ ಇದೆ.*
ಓಡಿಸೋಕೆ ತೊಂದರೆ ಇಲ್ಲ. ಬಾಡಿಗೆ ಕೊಡೋರು ಈಗಿನ ವಿಳಾಸಕ್ಕೆ ಆಧಾರ್ ಅಥವಾ ಬೇರೆ ದಾಖಲೆ ಕೇಳ್ತಾರೆ. ಆದ್ರೂ ವಿಳಾಸ ಬದಲಾವಣೆಗೆ ಅರ್ಜಿ ಹಾಕಿಬಿಡಿ.

*ರಿನ್ಯೂವಲ್‌ಗೆ ಹಾಕಿದ್ದೀನಿ, ಕಾರ್ಡ್ ಪೋಸ್ಟಿನಲ್ಲಿ ಬಂದಿಲ್ಲ.*
ಆರ್‌ಟಿಒ ಅನುಮೋದನೆ ಆಗಿದ್ದರೆ ಹೊಸ ಅವಧಿ ಆನ್‌ಲೈನ್‌ನಲ್ಲಿ ಕಾಣಿಸುತ್ತೆ, ಡಿಜಿಲಾಕರ್‌ನಲ್ಲಿ ತೋರಿಸಬಹುದು. ಬರೀ ಅರ್ಜಿ ಹಾಕಿದ ರಸೀದಿ ಲೈಸೆನ್ಸ್ ಅಲ್ಲ.

*ಗೆಳೆಯನ ಬಿಳಿ ಬೋರ್ಡ್ ಕಾರು, ಪೆಟ್ರೋಲ್ ಮಾತ್ರ ನಾನು ಹಾಕಿಸ್ತೀನಿ.*
ಅದು ಬಾಡಿಗೆ ಅಲ್ಲ. ನಿಮ್ಮ ಡಿಎಲ್ ಚಾಲ್ತಿಯಲ್ಲಿದೆಯಾ, ಕಾರಿನ ಇನ್ಶೂರೆನ್ಸ್ ಮುಗಿದಿಲ್ವಾ ನೋಡ್ಕೊಂಡು ಹೊರಡಿ.

ಹೊರಡೋ ಮುಂಚೆ ಒಮ್ಮೆ ನೋಡಿ

- ಡಿಎಲ್‌ನಲ್ಲಿ ಎಲ್‌ಎಂವಿ ಇದೆಯಾ, ತಾರೀಕು ವಾಪಸ್ ಬರೋ ದಿನದವರೆಗೂ ಇದೆಯಾ
- ಓಡಿಸೋ ಎಲ್ಲರ ಹೆಸರೂ ಕರಾರಿನಲ್ಲಿದೆಯಾ
- ನಂಬರ್ ಪ್ಲೇಟ್ ಕಪ್ಪು ಬೋರ್ಡಾ
- ಆರ್‌ಸಿ, ಇನ್ಶೂರೆನ್ಸ್, ಪರ್ಮಿಟ್, ಹೊಗೆ ತಪಾಸಣೆ ಪತ್ರ ಗಾಡಿಯಲ್ಲಿದೆಯಾ
- ಗಾಡಿಯ ನಾಲ್ಕೂ ಕಡೆ ವಿಡಿಯೋ ಮಾಡ್ಕೊಂಡ್ರಾ
- ಡೆಪಾಸಿಟ್‌ಗೆ ರಸೀದಿ ಸಿಕ್ತಾ

ಆ ನಾಲ್ಕು ಜನ ಗೆಳೆಯರು ಸಕಲೇಶಪುರದಲ್ಲಿ ಗಾಡಿ ಪಕ್ಕಕ್ಕೆ ಹಾಕಿ, ಒಂದು ಟೀ ಕುಡಿದು, ಅರ್ಧ ಗಂಟೆ ಮಲಗಿ ಎದ್ದಿದ್ರೆ ಧರ್ಮಸ್ಥಳ ಸ್ವಲ್ಪ ತಡವಾಗಿ ತಲುಪ್ತಿದ್ರು, ಅಷ್ಟೇ. ಲೈಸೆನ್ಸ್ ಇರೋನಿಗೆ ನಿದ್ದೆ ಬಂದ್ರೆ ಗಾಡಿ ನಿಲ್ಲಿಸಿ. ಸ್ಟೇರಿಂಗ್ ಬದಲಾಯಿಸಬೇಡಿ.